ತಾಳಮದ್ದಳೆಯ ದಿನ ಹಲ್ಲುನೋವು

ವೇಷವಿಲ್ಲದೆ ಬರೀ ಮಾತಲ್ಲೇ ಕಾದಾಡುವ ತಾಳಮದ್ದಳೆಯ ಹೆಸರಾಂತ ಅರ್ಥಧಾರಿ, ಕೆನ್ನೆ ಹಿಡಿದುಕೊಂಡೇ ಪರವೂರಿನ ದಂತವೈದ್ಯನ ಕುರ್ಚಿಗೆ ಬಿದ್ದ.

“ಬೇಗ ಕೀಳಿ ಮಾರಾಯ್ರೆ. ನಾಲ್ಕು ಗಂಟೆಗೆ ದೇವಸ್ಥಾನದಲ್ಲಿ ನನ್ನ ಅರ್ಥ ಉಂಟು.”

“ನಿಮ್ಮ ಎದುರು ಯಾರು?”

“ಯಾರೋ ನಿಮ್ಮೂರಿನ ಹವ್ಯಾಸಿಯಂತೆ. ಹೆಸರು ಯಾರು ಕೇಳ್ತಾರೆ? ಅಂಥವರನ್ನು ನನ್ನೆದುರು ಕೂರಿಸಿದ್ದೇ ತಪ್ಪು. ಹತ್ತೇ ನಿಮಿಷದಲ್ಲಿ ಅಳಿಸಿ ಕಳಿಸ್ತೇನೆ.”

“ಬಾಯಿ ತೆರೀರಿ.”

ವೈದ್ಯ ಒಂದು ಇಂಜೆಕ್ಷನ್ ಚುಚ್ಚಿದ. ತುಸು ಯೋಚಿಸಿ ಇನ್ನೊಂದು ಚುಚ್ಚಿದ. ನಾಲಗೆ ಮರದ ತುಂಡಿನಂತಾಯಿತು. ಹಲ್ಲು ಕಿತ್ತು ಹತ್ತಿ ತುರುಕಿದ.

“ಸಂಜೆ ಏಳರವರೆಗೆ ನಾಲಗೆ ಹೊರಳಲಿಕ್ಕಿಲ್ಲ.”

ಕೈ ತೊಳೆದು, ಬಿಳಿ ಕೋಟು ಬಿಚ್ಚಿ, ಗೋಡೆಯ ಮೊಳೆಯಲ್ಲಿದ್ದ ಜರಿಶಾಲನ್ನು ಹೆಗಲಿಗೆ ಹಾಕಿಕೊಂಡ.

“ಏಳಿ, ಹೊತ್ತಾಯಿತು. ಆ ಹವ್ಯಾಸಿ ನಾನೇ. ಮೊದಲ ಮಾತು ನಿಮ್ಮದು.”