ಬೆಕ್ಕು ದಾಟಿತು, ಕಾರು ನಿಂತಿತು

ತುಮಕೂರಿನ ಒಂದು ಮಹಡಿ ಮನೆಯಲ್ಲಿ ಕುಮುದ ಎಂಬ ಫ್ರೀಲಾನ್ಸ್ ಬರಹಗಾರ್ತಿ ಬಾಡಿಗೆಗಿದ್ದಳು. ಪತ್ರಿಕೆಗೆ, ಜಾಹೀರಾತಿಗೆ, ಯಾರದೋ ಭಾಷಣಕ್ಕೆ... ಕೇಳಿದವರಿಗೆಲ್ಲ ಬರೆದುಕೊಡುವುದೇ ಅವಳ ಬದುಕು.

ಆದರೆ ಬೀದಿಯವರ ಕಣ್ಣಿಗೆ ಅವಳು ಬರೀ 'ಮನೇಲಿ ಕೂತಿರೋಳು'.

ಜೊತೆಗಿದ್ದದ್ದು ಅವಳೇ ಕಾಪಾಡಿ ತಂದ ಬೆಕ್ಕುಗಳು. ಒಂದು ಚರಂಡಿಯಲ್ಲಿ ಸಿಕ್ಕಿದ್ದು, ಒಂದು ಯಾರೋ ಚೀಲದಲ್ಲಿ ಕಟ್ಟಿ ಎಸೆದದ್ದು... ಬೈಕಿಗೆ ಸಿಕ್ಕಿ ಮೂರೇ ಕಾಲಲ್ಲಿ ಕುಂಟುವ ಕೆಂಚಿಯೆಂದರಂತೂ ಅವಳಿಗೆ ಪ್ರಾಣ. ಅದು ಲ್ಯಾಪ್‌ಟಾಪಿಗೆ ಒತ್ತಿಕೊಂಡು ಮಲಗಿದರೇನೇ ಅವಳಿಗೆ ಬರೆಯಲು ಮನಸ್ಸು ಬರುತ್ತಿತ್ತು.

ಕೆಳಗಿನ ಮನೆಯಲ್ಲೇ ಇದ್ದ ಓನರ್ ರುದ್ರಮೂರ್ತಿಯವರಿಗೆ ಬೆಕ್ಕೆಂದರೆ ಆಗದು. ಬೆಕ್ಕು ಅಡ್ಡ ಹೋದರೆ ಸಾಕು... ವಾಪಸ್ ಒಳಗೆ ಹೋಗಿ ಕೂತು, ನೀರು ಕುಡಿದು, ಆಮೇಲೇ ಹೊರಡುವುದು. ಅವರ ಸಿಮೆಂಟ್ ವ್ಯಾಪಾರ ಡಲ್ಲಾದರೂ ತಪ್ಪು ಬೆಕ್ಕಿನದೇ!

ಬೆಕ್ಕುಗಳನ್ನು ಎಲ್ಲಾದರೂ ಬಿಟ್ಟು ಬಾ, ಇಲ್ಲದಿದ್ದರೆ ಈ ತಿಂಗಳೇ ಮನೆ ಖಾಲಿ ಮಾಡು ಎಂದು ಹೇಳಿಬಿಟ್ಟರು.

ಎಲ್ಲಿಗೆ ಹೋಗುತ್ತಾಳೆ? ಬೆಕ್ಕಿದೆ ಎಂದೊಡನೆ ಬಾಗಿಲು ಹಾಕುವವರೇ ಊರ ತುಂಬಾ.

ಒಂದು ಬೆಳಿಗ್ಗೆ ಅವಸರದ ಲೇಖನವೊಂದನ್ನು ಬರೆಯುತ್ತಿದ್ದಾಗ ಕೆಳಗಿನಿಂದ ನರಳಾಟ ಕೇಳಿತು. ಕುಮುದ ಓಡಿ ಇಳಿದಳು. ರುದ್ರಮೂರ್ತಿಯವರ ಹೆಂಡತಿ ನೀಲಮ್ಮ ಎದೆ ಹಿಡಿದುಕೊಂಡು ಕಾರಿನಲ್ಲಿ ಒರಗಿದ್ದರು... ಮೈಯೆಲ್ಲ ಬೆವರು.

ಆಸ್ಪತ್ರೆಗೆಂದು ರುದ್ರಮೂರ್ತಿ ಹೊರಡಿಸಿದ ಕಾರು ಗೇಟಿನ ಹತ್ತಿರ ಬಂದಾಗ ಕೆಂಚಿ ಕುಂಟುತ್ತಾ ಎದುರಿಗೆ ಹಾದುಹೋಯಿತು.

ರುದ್ರಮೂರ್ತಿ ಎಂಜಿನ್ ಆಫ್ ಮಾಡಿ, ಕೀ ಹಿಡಿದು ಕೆಳಗಿಳಿದೇಬಿಟ್ಟರು!

"ಒಂದೈದು ನಿಮಿಷ ತಡ್ಕೊ ನೀಲಾ... ಒಳಗೆ ಕೂತು ಹೋಗಣ."

ಕುಮುದಳ ಮೈ ಉರಿದುಹೋಯಿತು. ಬೆಕ್ಕಿಗೆ ಬೈದಾಗ, ಮನೆ ಬಿಡು ಎಂದಾಗ ನುಂಗಿಕೊಂಡಿದ್ದವಳು ಈ ಸಲ ನುಂಗಿಕೊಳ್ಳಲಿಲ್ಲ.

"ನೀವು ಹೋಗಿ ಕೂತ್ಕೊಳ್ಳಿ ಅಂಕಲ್, ನೀರೂ ಕುಡೀರಿ. ಆಂಟಿನ ನಾನು ಕರ್ಕೊಂಡು ಹೋಗ್ತೀನಿ. ಕೀ ಕೊಡಿ ಇಲ್ಲಿ."

ಅವರ ಕೈಯಿಂದ ಕೀ ಕಿತ್ತುಕೊಂಡು ಹೊರಟೇಬಿಟ್ಟಳು. ಲೇಖನ ಅರ್ಧಕ್ಕೇ ನಿಂತಿತು, ಆ ಕೆಲಸವೂ ಕೈತಪ್ಪಿತು.

ಇನ್ನು ಸ್ವಲ್ಪ ತಡವಾಗಿದ್ದರೂ ಜೀವ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರ್.

ಮರುದಿನ ಆಸ್ಪತ್ರೆಯಲ್ಲಿ, ಕುಮುದಳ ಎದುರಿಗೇ, ರುದ್ರಮೂರ್ತಿ ಏನೆಂದರು ಗೊತ್ತೇ? ಆ ದರಿದ್ರ ಬೆಕ್ಕು ಅಡ್ಡ ಬಂದದ್ದಕ್ಕೇ ಹೀಗಾಯಿತಂತೆ!

ನೋವು ಬಂದದ್ದು ಮೊದಲು, ಬೆಕ್ಕು ಬಂದದ್ದು ಆಮೇಲೆ... ಅಷ್ಟೂ ಹೊಳೆಯಲಿಲ್ಲ ಆ ಮನುಷ್ಯನಿಗೆ.

ನೀಲಮ್ಮ ನಿಧಾನವಾಗಿ ಕಣ್ಣು ತೆರೆದರು.

"ಬೆಕ್ಕು ಅದರ ಪಾಡಿಗೆ ಅದು ಹೋಯ್ತು ಕಣ್ರೀ. ನಾನು ಸಾಯ್ತಿದ್ರೂ ನಿಂತವರು ನೀವು. ಕುಮುದ ಎಲ್ಲಿಗೂ ಹೋಗಲ್ಲ... ಅವಳ ಬೆಕ್ಕೂ ಹೋಗಲ್ಲ."

ರುದ್ರಮೂರ್ತಿ ಹೆಂಡತಿಯ ಕಾಲ ಬಳಿ ಕುಸಿದು ಕೂತು, ಮುಖ ಮುಚ್ಚಿಕೊಂಡು ಅತ್ತುಬಿಟ್ಟರು.

ಕುಮುದ ಸಮಾಧಾನ ಮಾಡಲು ಹೋಗಲಿಲ್ಲ. ಅಳಲಿ ಎಂದು ಬಿಟ್ಟಳು.

ಮೂಕಪ್ರಾಣಿಯ ತಲೆಗೆ ಅಪಶಕುನ ಕಟ್ಟುವ ಬುದ್ಧಿಗಿಂತ ದೊಡ್ಡ ಅಪಶಕುನ ಯಾವ ಮನೆಗೂ ಇಲ್ಲ.

ನಾಳೆ ಬೆಳಿಗ್ಗೆ ಒಂದು ಬೆಕ್ಕು ನಿಮಗೆ ಅಡ್ಡ ಹೋದರೆ... ನೀವು ನಿಲ್ಲುತ್ತೀರಾ, ಹೊರಡುತ್ತೀರಾ?