ಸೆಖೋಬೆಯ ಗಾಳದ ಮಿಡತೆ

ನಾದಿನಿ ಲಿಪುವೊ ಚಾಚಿದ ಡಬ್ಬಿಯಲ್ಲಿ ಜೀವಂತ ಮಿಡತೆಗಳು ಒದ್ದಾಡುತ್ತಿದ್ದವು. ಸೆಖೋಬೆ ಮುಖ ತಿರುಗಿಸಿದ. ಲೆಸೋಥೊದ ಬೆಟ್ಟಗಳೇ ತಲೆಬಾಗುವಂಥ ಗಾಳಗಾರ ಅವನು. ಗಾಳಕ್ಕೆ ಗರಿ ಸುತ್ತಿ ಮಾಡಿದ ಹುಸಿನೊಣವನ್ನು ಬೆಳಗಿನಿಂದ ಹೊಳೆಗೆ ಹತ್ತು ಸಾವಿರ ಸಲ ಬೀಸಿ ತೋಳು ಸತ್ತಿತ್ತು. ಒಂದು ಟ್ರೌಟ್ ಮೀನೂ ತಿರುಗಿ ನೋಡಿರಲಿಲ್ಲ.

“ಭಾವ, ನಿಮ್ಮ ಗರಿ ನೋಡಿ ಮೀನುಗಳು ನಕ್ಕೂ ನಕ್ಕೂ ಸುಸ್ತಾಗಿವೆ. ನಾಲ್ಕು ದಿನದ ಜ್ವರದಲ್ಲಿ ಅಕ್ಕ ಇವತ್ತೇ ಬಾಯಿಬಿಟ್ಟು ಮೀನಿನ ಸಾರು ಕೇಳಿದಾಳೆ.”

“ಜೀವಂತ ಹುಳ ಸಿಗಿಸೋದು ಕೈಲಾಗದೋರ ಕೆಲಸ ಅಂತ ನಿಮ್ಮಕ್ಕನಿಗೇ ನಲವತ್ತು ವರ್ಷದಿಂದ ಹೇಳ್ತಿದೀನಲ್ಲೇ,” ಎಂದು ನಿಟ್ಟುಸಿರಿಟ್ಟ. ಆದರೂ ಕೈ ಡಬ್ಬಿಗೆ ಇಳಿಯಿತು. ಮಿಡತೆ ನೀರು ಮುಟ್ಟಿತೋ ಇಲ್ಲವೋ, ಮೊಸಳೆಯಷ್ಟು ದೊಡ್ಡ ಮೀನು ದಡಕ್ಕೆ ಬಂದು ಬಿತ್ತು.

“ಗರಿಗೇ ಬಿತ್ತು ಅಂತ ಹೇಳು ಅವಳಿಗೆ.”

“ಹೇಳ್ತೀನಿ ಭಾವ. ಆದ್ರೆ ಕಂಬಳಿ ಹೊದ್ದು, ಅಂಗಳದಲ್ಲಿ ತೆವಳಿ ಈ ಮಿಡತೆ ಹಿಡಿದು ಕೊಟ್ಟೋಳೇ ಅವಳು.”