ಕೆಳಗಿನ ತಟ್ಟೆಯ ಫೋಟೋ

“ಫೋಟೋ ಮಸುಕಾಗಿದೆ ಕಣಮ್ಮ, ಹುಳದ ಮೈಮೇಲೆ ಚುಕ್ಕೆ ಇದ್ಯೋ ಇಲ್ವೋ ಗೊತ್ತಾಗ್ತಿಲ್ಲ. ರೆಸೊಲ್ಯೂಷನ್ ಜಾಸ್ತಿ ಮಾಡಿ ಇನ್ನೊಂದು ತೆಗೆದು ಕಳ್ಸಿ,” ಅಂತ ರೇಷ್ಮೆ ಇಲಾಖೆಯವರು ಫೋನಿನಲ್ಲಿ ಹೇಳಿದಾಗ ರಮ್ಯಶ್ರೀ ಮತ್ತೆ ಹುಳದ ಮನೆಗೆ ಓಡಿದಳು. ಬೆಳಿಗ್ಗೆಯಿಂದ ಕೆಳಗಿನ ತಟ್ಟೆಯ ರೇಷ್ಮೆಹುಳಗಳು ಸೊಪ್ಪು ಮುಟ್ಟಿರಲಿಲ್ಲ. ಚುಕ್ಕೆರೋಗವೇ ಆಗಿದ್ದರೆ ಇಡೀ ಬೆಳೆ ತಿಪ್ಪೆ ಪಾಲು.

ಮೆಮೊರಿ ತುಂಬಿಹೋಗುತ್ತೆ ಅಂತ ಗಂಡ ಕ್ಯಾಮೆರಾವನ್ನು ಎಲ್ಲಕ್ಕಿಂತ ಚಿಕ್ಕ ಸೈಜಿಗೆ ಇಟ್ಟಿದ್ದ. ಸೆಟ್ಟಿಂಗ್ಸ್ ತೆರೆದು ಅತಿ ದೊಡ್ಡದನ್ನು ಒತ್ತಿದಳು. ಹುಳದ ಮನೆಗೆ ಚಪ್ಪಲಿ ತಂದರೆ ರೋಗ ಬರುತ್ತೆ ಅಂತ ಎಲ್ಲರನ್ನೂ ಬೈಯುವ ಅತ್ತೆ ಮುನಿವೆಂಕಟಮ್ಮ, ಬರಿಗಾಲಲ್ಲಿ ಅದೇ ತಟ್ಟೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ಹುಳದ ಮೇಲಿನ ಸೊಪ್ಪು ಸರಿಸಿ ಹಿಡಿದಿದ್ದರು. ಫ್ಲ್ಯಾಶ್ ಮಿಂಚಿತು. ಹತ್ತಿರದ ಏರ್‌ಪೋರ್ಟಿಗೆ ಇಳಿಯುತ್ತಿದ್ದ ವಿಮಾನದ ಸದ್ದಿಗೆ ಸೂರಿನ ಶೀಟು ಗಡಗಡ ಅಂದಿತು.

ರಮ್ಯಶ್ರೀ ಫೋಟೋವನ್ನು ಬೆರಳಲ್ಲಿ ಹಿಗ್ಗಿಸಿದಳು. ಹುಳಗಳ ಮೈ ಬೆಳ್ಳಗಿತ್ತು, ಒಂದು ಚುಕ್ಕೆಯೂ ಇರಲಿಲ್ಲ. ಚುಕ್ಕೆಗಳಿದ್ದದ್ದು ತಟ್ಟೆಯ ಕೆಳಗೆ. ಹಿಂದಿನ ಫೋಟೋದಲ್ಲಿ ಒದ್ದೆ ಗೋಣಿಚೀಲದ ಮಡಿಕೆಯಂತೆ ಕಂಡಿದ್ದರ ಮೈಮೇಲೆ ಈಗ ಕಂದು ಬಣ್ಣದ ದುಂಡು ಚುಕ್ಕೆಗಳು ಸರದ ಹಾಗೆ ಸಾಲುಗಟ್ಟಿದ್ದವು. ಕೊಳಕುಮಂಡಲ ಹಾವು. ಅತ್ತೆಯ ಹಿಮ್ಮಡಿಗೂ ಅದಕ್ಕೂ ಒಂದು ಗೇಣೂ ಇರಲಿಲ್ಲ.

“ಯಾಕೇ ಹಂಗೆ ಬೆವೀತಿದೀಯ? ರೋಗಾನಾ?” ಅತ್ತೆಯ ದನಿ ಉಡುಗಿತ್ತು.

“ಹುಳ ಚೆನ್ನಾಗವೆ ಅತ್ತೆ,” ಅಂದಳು ರಮ್ಯಶ್ರೀ, ಮೆಲ್ಲಗೆ. “ನೀವು ಮಾತ್ರ ಕಾಲು ಅಲ್ಲಾಡಿಸ್ಬೇಡಿ.”